ಊರು ಬಿಟ್ಟು ದುಡಿಯಿರಿ ಎನ್ನುವ ಮಾನ್ಯರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯರೂ ಪೂಜ್ಯರೂ ಆದ, ಸಲಹೆ ಕೊಡುವುದರಲ್ಲಿ ಎಂದೂ ದಣಿಯದ ಮಹನೀಯರೇ,

ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಹಳ್ಳಿಯವನೊಬ್ಬನ ಶಿರಸಾಷ್ಟಾಂಗ ನಮಸ್ಕಾರಗಳನ್ನು ಸ್ವೀಕರಿಸಬೇಕು. ಇತ್ತ ಕಡೆ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ಊರಲ್ಲಿ ಉಳಿದವರು: ಮುದುಕರು, ಸಾಲಿಗೆ ಹೋಗುವ ಮಕ್ಕಳು, ಬಾಣಂತಿಯರು, ದನ ಕಟ್ಟಿಕೊಂಡವರು. ಮಿಕ್ಕವರ ಕ್ಷೇಮ ಬೆಂಗಳೂರು, ಪುಣೆ, ಹೈದರಾಬಾದು, ಗೋವಾಗಳಿಂದ ಫೋನಿನಲ್ಲಿ ತಿಳಿಯಬೇಕು.

ತಮ್ಮ ಪರಿಚಯ ನಮಗೆ ಬಹಳ ವರ್ಷಗಳದು. ಹೆಸರು ಬೇರೆ ಬೇರೆ ಇರಬಹುದು, ಮಾತು ಒಂದೇ. ಟಿವಿಯ ಚರ್ಚೆಗಳಲ್ಲಿ ತಮ್ಮನ್ನು ಕಂಡಿದ್ದೇವೆ, ಅಂಕಣಗಳಲ್ಲಿ ಓದಿದ್ದೇವೆ. ಅರ್ಜಿ ಹಿಡಿದು ಹೋದಾಗ ಮೇಜಿನ ಆಚೆ ತಾವೇ ಕೂತಿದ್ದಿರಿ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೂ ಎಷ್ಟೋ ಸಲ ತಾವೇ ಬಂದಿದ್ದೀರಿ. ‘ಕೆಲಸ ಇಲ್ಲ ಅಂತ ಕಟ್ಟೆ ಮೇಲೆ ಕೂತರೆ ಯಾರು ತಂದು ಕೊಡ್ತಾರೆ? ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗಬೇಕಪ್ಪ. ನಿಮ್ಮ ಕಡೆಯವರಿಗೆ ಊರಿನ ಮೋಹ ಜಾಸ್ತಿ.’ ಈ ಮಾತನ್ನು ತಾವು ಎಂದೂ ಸಿಟ್ಟಿನಿಂದ ಆಡಿದವರಲ್ಲ. ಹಿರಿಯಣ್ಣನಂತೆ ಹೆಗಲ ಮೇಲೆ ಕೈಯಿಟ್ಟೇ ಆಡಿದ್ದೀರಿ. ಆ ಕೈಯ ಭಾರ ತಾಳಲಾರದೆ ಈ ಪತ್ರ ಬರೆಯಬೇಕಾಯಿತು.

ಮೊದಲಿಗೆ ತಮಗೊಂದು ಧನ್ಯವಾದ ಸಲ್ಲಲೇಬೇಕು. ರಾಜ್ಯದ ಒಂದು ಮಗ್ಗುಲಲ್ಲಿ ಕೆಲಸವಿದೆ, ಇನ್ನೊಂದು ಮಗ್ಗುಲಲ್ಲಿ ಇಲ್ಲ ಎಂಬುದನ್ನು ತಾವಾದರೂ ಒಪ್ಪಿದ್ದೀರಿ. ಅಷ್ಟನ್ನೂ ಒಪ್ಪದವರು ಬಹಳ ಮಂದಿ ಇದ್ದಾರೆ. ಆದರೆ ಒಂದು ಸಣ್ಣ ಅರಿಕೆ: ನಾವು ಊರಲ್ಲೇ ಕೂತಿದ್ದೇವೆ ಎಂಬ ಸುದ್ದಿಯನ್ನು ತಮಗೆ ಮುಟ್ಟಿಸಿದವರು ಯಾರು? ತಾವು ದಯಮಾಡಿ ತೊಗರಿ ರಾಶಿ ಮುಗಿದ ಮೇಲೆ ಸುರಪುರವೋ ಶಹಾಪುರವೋ ದೇವದುರ್ಗವೋ, ಯಾವುದಾದರೂ ಬಸ್ ನಿಲ್ದಾಣಕ್ಕೆ ಒಂದು ಸಂಜೆ ಬರಬೇಕು. ಬೆಂಗಳೂರು ಬೋರ್ಡಿನ ಬಸ್ಸಿನ ಮುಂದೆ ತೊಳೆದು ಒಣಗಿಸಿದ ಸಿಮೆಂಟ್ ಚೀಲಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ಜೋಳದ ಹಿಟ್ಟು, ಒಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದರಲ್ಲಿ ಹಂಚು, ಪರಾತ, ಮಗುವಿನ ಅಂಗಿ. ಮೇಲೆ ಹಗ್ಗ ಬಿಗಿದ ಕೌದಿ. ಲಗೇಜಿಗೆ ಎಷ್ಟು ಎಂದು ಕಂಡಕ್ಟರ್ ಜತೆ ಚೌಕಾಸಿ ನಡೆದಿರುತ್ತದೆ. ಅತ್ತೆಯ ಕೈಗೆ ಆರೇಳು ವರ್ಷದ ಹುಡುಗಿಯ ಕೈ ಕೊಟ್ಟು ಸೊಸೆ ಹೇಳುತ್ತಾಳೆ: ‘ಸಾಲೀಗಿ ತಪ್ಪಸಬ್ಯಾಡ್ರಿ ಅತ್ತಿ.’ ಅತ್ತೆ ಹೇಳುತ್ತಾಳೆ: ‘ಮುಟ್ಟಿದ ಕೂಡ್ಲೇ ಫೋನ್ ಹಚ್ಚ್ರಿ.’ ಹುಡುಗಿ ಏನೂ ಹೇಳುವುದಿಲ್ಲ, ಅವ್ವನ ಸೀರೆಯ ಸೆರಗು ಬಿಡುವುದಿಲ್ಲ, ಅಷ್ಟೇ. ಬಸ್ಸು ಬಿಡುವ ಹೊತ್ತಿಗೆ ಯಾರಾದರೂ ಬಂದು ಆ ಬೆರಳುಗಳನ್ನು ಬಿಡಿಸಬೇಕಾಗುತ್ತದೆ. ಗುಳೆ ಹೋಗುವುದೆಂದರೆ ನಮ್ಮ ಕಡೆ ಇದು. ನನ್ನ ಅಜ್ಜನ ಕಾಲದಲ್ಲೂ ಇತ್ತು. ಆಗ ಬರಗಾಲ ಬಿದ್ದರೆ ಹೋಗುತ್ತಿದ್ದರು, ಈಗ ಮಳೆ ಬಂದರೂ ಹೋಗುತ್ತಾರೆ. ಊರಿನ ಮೋಹ ಇಷ್ಟಿರುವ ಜನ ಇಷ್ಟು ಸಲ ಊರು ಬಿಟ್ಟಿದ್ದಾರೆ, ಇದನ್ನು ತಾವು ಗಮನಿಸಬೇಕೆಂದು ಪ್ರಾರ್ಥನೆ.

ತಾವು ಅಂಕಿಅಂಶ ಬಲ್ಲವರು. ಕರ್ನಾಟಕದಲ್ಲಿ ನಿರುದ್ಯೋಗ ಕಡಿಮೆ ಎಂದು ತೋರಿಸಿ ನಮ್ಮನ್ನು ಸಮಾಧಾನಪಡಿಸುವ ತಮ್ಮ ಕಾಳಜಿಗೆ ಋಣಿ. 2023-24ರ ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕರ್ನಾಟಕದ ನಿರುದ್ಯೋಗ ಪ್ರಮಾಣ ಶೇ 2.7. ಅದೇ ಸಮೀಕ್ಷೆಯನ್ನು ಇನ್ನೂ ಸ್ವಲ್ಪ ಓದಿದರೆ ಬಿಹಾರದ್ದು ಶೇ 3, ಕೇರಳದ್ದು ಶೇ 7.2, ಮಧ್ಯಪ್ರದೇಶದ್ದು ಬರೀ ಶೇ 1. ಲೆಕ್ಕ ಹೇಳುವಂತೆ ನಡೆದರೆ ಕೇರಳದವರು ಕೆಲಸ ಹುಡುಕಿಕೊಂಡು ಬಿಹಾರದ ರೈಲು ಹತ್ತಬೇಕಿತ್ತು. ಹತ್ತುತ್ತಿರುವವರು ಯಾರು, ಇಳಿಯುತ್ತಿರುವುದು ಎಲ್ಲಿ ಎಂಬುದು ಎರ್ನಾಕುಲಂ ನಿಲ್ದಾಣದಲ್ಲಿ ನಿಂತರೆ ಯಾರಿಗೂ ತಿಳಿಯುತ್ತದೆ. ಕಾರಣವೂ ಗುಟ್ಟಿನದಲ್ಲ. ಓದಿ, ಮನೆಯಲ್ಲಿ ಒಂದಿಷ್ಟು ಆಸರೆ ಇದ್ದವನು ತಕ್ಕ ಕೆಲಸ ಸಿಗುವವರೆಗೆ ಕಾಯುತ್ತಾನೆ. ಕಾಯುತ್ತಿರುವವನನ್ನು ಸಮೀಕ್ಷೆ ನಿರುದ್ಯೋಗಿ ಎಂದು ಬರೆದುಕೊಳ್ಳುತ್ತದೆ. ರಾತ್ರಿ ಒಲೆ ಹೊತ್ತಿಸಲೇಬೇಕಾದವನು ಕಾಯುವುದಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ, ಅವನು ಉದ್ಯೋಗಿ. ಆ ಸಮೀಕ್ಷೆಯ ವಾರ್ಷಿಕ ಲೆಕ್ಕದಲ್ಲಿ ಹಿಂದಿನ 365 ದಿನಗಳಲ್ಲಿ 30 ದಿನ ದುಡಿದವನಿಗೂ ಉದ್ಯೋಗವಂತರ ಸಾಲಿನಲ್ಲಿ ಜಾಗವಿದೆ. ಮಿಕ್ಕ 335 ದಿನ ಅವನ ಮನೆಯಲ್ಲಿ ಏನು ಬೇಯುತ್ತಿತ್ತು ಎಂಬ ಕಲಂ ಅದರಲ್ಲಿ ಇಲ್ಲ. ಊರು ಬಿಟ್ಟು ಹೋದವನು ಊರಿನ ಲೆಕ್ಕದಿಂದಲೂ ಹೋಗುತ್ತಾನೆ. ಹೀಗೆ ಯಾದಗಿರಿಯ ನಿರುದ್ಯೋಗ ಬೆಂಗಳೂರಿನ ಮಾರತಹಳ್ಳಿಯ ಶೆಡ್ಡಿಗೆ ಹೋಗಿ ಉದ್ಯೋಗವಾಗುತ್ತದೆ, ಜಿಲ್ಲೆಯ ಹೆಸರು ಚೊಕ್ಕಟವಾಗಿ ಉಳಿಯುತ್ತದೆ. ಕಡಿಮೆ ಪ್ರಮಾಣ ತೋರಿಸಿ ನಮಗೆ ಧೈರ್ಯ ಹೇಳುವ ಮುನ್ನ ಇದಿಷ್ಟನ್ನು ತಾವು ಕೃಪೆಯಿಟ್ಟು ಪರಾಂಬರಿಸಬೇಕು.

ತಮ್ಮ ಸಲಹೆಗೆ ದೊಡ್ಡ ಪರಂಪರೆಯೇ ಇದೆ. 1981ರ ಅಕ್ಟೋಬರಿನಲ್ಲಿ, ಬ್ರಿಟನ್ನಿನ ಉತ್ತರ ಭಾಗದ ಊರುಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ, ಅಲ್ಲಿನ ಉದ್ಯೋಗ ಮಂತ್ರಿ ನಾರ್ಮನ್ ಟೆಬಿಟ್ ತಮ್ಮ ಪಕ್ಷದ ಸಮಾವೇಶದಲ್ಲಿ ತಂದೆಯ ಕತೆ ಹೇಳಿದರು. 1930ರ ದಶಕದಲ್ಲಿ ಅವರ ತಂದೆಗೂ ಕೆಲಸವಿರಲಿಲ್ಲವಂತೆ; ಅವರು ಗಲಭೆ ಮಾಡಲಿಲ್ಲ, ಸೈಕಲ್ ಹತ್ತಿ ಕೆಲಸ ಹುಡುಕಿದರು, ಸಿಗುವವರೆಗೆ ಹುಡುಕಿದರು. ಅಂದಿನಿಂದ ಇಂದಿನವರೆಗೆ ಈ ಉಪದೇಶ ಎಷ್ಟೋ ದೇಶಗಳನ್ನು ಸುತ್ತಿ ನಮ್ಮ ಹೊಲದ ಬದುವಿಗೂ ಬಂದು ಮುಟ್ಟಿದೆ. ಒಂದೇ ಊರಿನಲ್ಲಿ ಸೈಕಲ್ ತುಳಿದು ಕೆಲಸ ಹುಡುಕುವುದು ಬೇರೆ. ಐದುನೂರು ಕಿಲೋಮೀಟರು ಆಚೆಗೆ ಹೆಂಡತಿ, ಹಾಲುಗೂಸು, ಹಿಟ್ಟಿನ ಚೀಲ ಕಟ್ಟಿಕೊಂಡು ಹೋಗುವುದು ಬೇರೆ. ಇವೆರಡರ ನಡುವಿನ ದೂರವನ್ನು ತಮ್ಮಂಥ ಅನುಭವಿಗಳಿಗೆ ನಾನು ತಿಳಿಸಬೇಕೇ?

ಕರಾವಳಿಯವರ ಉದಾಹರಣೆ ಕೊಟ್ಟು ನಮ್ಮನ್ನು ಹುರಿದುಂಬಿಸುವುದು ತಮ್ಮ ಇನ್ನೊಂದು ಉಪಕಾರ. ಉಡುಪಿ, ಮಂಗಳೂರಿನವರು ಬರಿಗೈಯಲ್ಲಿ ಮುಂಬಯಿಗೆ ಹೋಗಿ ಹೋಟೆಲು ಕಟ್ಟಲಿಲ್ಲವೇ ಎನ್ನುತ್ತೀರಿ. ಕಟ್ಟಿದರು, ಅವರ ಮೇಲೆ ನಮಗೆ ಅಪಾರ ಗೌರವ. ಹೋಟೆಲಿನಲ್ಲಿ ಲೋಟ ತೊಳೆದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಬದುಕು ಯಾರೂ ತಲೆಬಾಗಬೇಕಾದ್ದು. ಆದರೆ ಅವರ ಬೆನ್ನ ಹಿಂದಿನ ಊರು ಆಗ ಏನು ಮಾಡುತ್ತಿತ್ತು ಎಂಬುದನ್ನೂ ತಾವು ಹೇಳಬೇಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮಿಷನ್ ಶಾಲೆಗಳು ಅದಕ್ಕೂ ಮೊದಲೇ ಬಂದಿದ್ದವು. ಹೊರಗೆ ಹೋದವನು ಕಳಿಸಿದ ದುಡ್ಡು ಊರಿಗೆ ಬಂದು ನಿಲ್ಲಲು ಅಲ್ಲಿ ಜಾಗವಿತ್ತು. ನಾವು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ತುದಿಯಲ್ಲಿದ್ದೆವು. ದಫ್ತರದ ಭಾಷೆ ಉರ್ದು, ಸಾಲಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷದ ಮೇಲೆ, 1948ರ ಸೆಪ್ಟೆಂಬರ್ 17ಕ್ಕೆ ನಮಗೆ ಬಿಡುಗಡೆಯಾಯಿತು. 2011ರ ಜನಗಣತಿ ಹೊತ್ತಿಗೂ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88 ದಾಟಿತ್ತು. ಯಾದಗಿರಿಯದು ಶೇ 52 ಕೂಡ ತುಂಬಿರಲಿಲ್ಲ, ರಾಜ್ಯದಲ್ಲೇ ಕಟ್ಟಕಡೆ. ಊರು ಬಿಡುವುದೇ ಏಳಿಗೆಗೆ ದಾರಿಯಾಗಿದ್ದರೆ ಇಷ್ಟು ತಲೆಮಾರು ಊರು ಬಿಟ್ಟ ನಾವು ಈ ಸ್ಥಾನದಲ್ಲಿ ಇರಬಾರದಿತ್ತು.

ಊರು ಬಿಡಲಿಕ್ಕೂ ದುಡ್ಡು ಬೇಕು ಮಾನ್ಯರೇ. ತಮ್ಮ ಸಲಹೆಯಲ್ಲಿ ಈ ಒಂದು ಖರ್ಚಿನ ಬಾಬತ್ತು ಬಿಟ್ಟುಹೋಗಿದೆ. ಬಸ್ಸಿನ ಚಾರ್ಜು, ಹೋದ ಕೂಡಲೇ ಶೆಡ್ಡು ಹಾಕಲು ತಗಡು, ಮೊದಲ ಬಟವಾಡೆಯವರೆಗೆ ಊಟ, ಹಿಂದೆ ಬಿಟ್ಟುಬಂದ ಮುದುಕರ ಕೈಗೆ ಒಂದಿಷ್ಟು. ಇದು ಎಲ್ಲಿಂದ ಬರುತ್ತದೆ? ಮೇಸ್ತ್ರಿ ಕೊಡುತ್ತಾನೆ, ಮುಂಗಡ ಎಂದು. ಮಗಳ ಮದುವೆ, ಬೋರು ತೋಡಿಸಿದ ಸಾಲ, ದವಾಖಾನೆ, ಯಾವುದಕ್ಕೋ ತೆಗೆದುಕೊಂಡ ಮುಂಗಡ ಮುಗಿಯುವವರೆಗೆ ಅವನು ಹೇಳಿದ ಕಡೆ, ಅವನು ಹೇಳಿದ ಕೂಲಿಗೆ ಗಂಡಹೆಂಡಿರಿಬ್ಬರೂ ದುಡಿಯಬೇಕು. ಲೆಕ್ಕದ ಪುಸ್ತಕ ಅವನ ಹತ್ತಿರವೇ ಇರುತ್ತದೆ. ಇಬ್ಬರನ್ನೂ ಸೇರಿಸಿ ಜೋಡಿ ಎಂದು ಎಣಿಸುತ್ತಾರೆ; ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಿಮೆ, ಹೊರುವ ಬುಟ್ಟಿಯ ಭಾರದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮುಂಗಡವೂ ಸಿಗದ ತೀರಾ ಬಡವ ಊರಲ್ಲೇ ಉಳಿಯುತ್ತಾನೆ. ತಾವು ಕಟ್ಟೆಯ ಮೇಲೆ ಕಂಡದ್ದು ಅವನನ್ನು ಇರಬೇಕು. ಅವನಿಗಿರುವುದು ಊರಿನ ಮೋಹವಲ್ಲ, ಬಸ್ಸಿನ ಚಾರ್ಜಿನ ಕೊರತೆ.

ಅವನಿಗಾಗಿಯೇ 2005ರಲ್ಲಿ ಉದ್ಯೋಗ ಖಾತ್ರಿಯ ಕಾಯ್ದೆ ಬಂದಿತ್ತು. ವರ್ಷಕ್ಕೆ 100 ದಿನ ಕೂಲಿ, ಕೇಳಿದ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಕೆಲಸ ಸಿಕ್ಕ ವರ್ಷಗಳಲ್ಲಿ, ಕೂಲಿ ಹೊತ್ತಿಗೆ ಸರಿಯಾಗಿ ಬಂದ ಊರುಗಳಲ್ಲಿ ಗುಳೆ ತಗ್ಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೂಲಿ ತಿಂಗಳುಗಟ್ಟಲೆ ತಡವಾದಾಗ ಅದೇ ಹೆಂಗಸರು ಸಲಿಕೆ ಒಗೆದು ಬಸ್ಸು ಹತ್ತಿದ್ದನ್ನೂ ಕಂಡಿದ್ದೇವೆ. ಇದು ಬಿಟ್ಟಿ ಭಾಗ್ಯ, ಇದರಿಂದ ಜನ ಸೋಮಾರಿಗಳಾಗುತ್ತಾರೆ ಎಂದು ಆಗ ತಾವೇ ಕಳಕಳಿಯಿಂದ ಎಚ್ಚರಿಸಿದ್ದಿರಿ. ಊರಲ್ಲೇ ದುಡಿದರೆ ಸೋಮಾರಿ, ಊರು ಬಿಟ್ಟು ದುಡಿದರೆ ವಲಸಿಗ. ಮೂರನೆಯ ದಾರಿಯೊಂದಿದ್ದರೆ ಅಪ್ಪಣೆ ಕೊಡಿಸಬೇಕು.

ಇನ್ನು ತಮ್ಮ ಮಾತು ನಡೆಸಿಕೊಟ್ಟವರ ಸಂಗತಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಬೆಳಗಿನ ಏಳು ಗಂಟೆಗೆ ಕೂಲಿಯವರು ನಿಲ್ಲುವ ಜಾಗಗಳಿವೆ. ಗೌಂಡಿಗಳು ಕರಣೆ ಹಿಡಿದು, ಕೂಲಿಯವರು ಬರಿಗೈಯಲ್ಲಿ, ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ನಿಂತಿರುತ್ತಾರೆ. ಬೈಕೊಂದು ಬಂದು ನಿಲ್ಲುತ್ತದೆ. ‘ಎರಡು ಗಂಡಾಳು, ಒಂದು ಹೆಣ್ಣಾಳು.’ ಹತ್ತು ಮಂದಿ ಒಟ್ಟಿಗೆ ಮುಂದೆ ಬರುತ್ತಾರೆ, ಕೂಲಿ ಅಲ್ಲೇ ಇಳಿಯುತ್ತದೆ. ಒಂಬತ್ತು ಗಂಟೆ ದಾಟಿದ ಮೇಲೆ ಯಾರೂ ಬರುವುದಿಲ್ಲ. ಉಳಿದವರು ಬುತ್ತಿ ಬಿಚ್ಚದೆ ಶೆಡ್ಡಿಗೆ ಮರಳುತ್ತಾರೆ. ಕೆಲಸ ಇರುವ ಕಡೆ ಹೋದರೂ ಕೆಲಸ ಇಲ್ಲದ ದಿನಗಳಿವೆ. ಅವುಗಳನ್ನು ಯಾವ ಜಿಲ್ಲೆಯ ಖಾತೆಗೆ ಬರೆಯಬೇಕು ಎಂದು ತಾವೇ ತಿಳಿಸಿದರೆ ಉಪಕಾರವಾಗುತ್ತದೆ.

ಶೆಡ್ಡು ಎಂದೆ. ತಮಗೆ ಅದರ ಪರಿಚಯ ಇರಲಿಕ್ಕಿಲ್ಲ. ತಮ್ಮ ಅಪಾರ್ಟ್‌ಮೆಂಟಿನ ಜಾಗದಲ್ಲಿ ಒಂದು ಕಾಲಕ್ಕೆ ಅದು ಇತ್ತು. ನಾಲ್ಕು ತಗಡು, ಒಂದು ನೀಲಿ ಟಾರ್ಪಾಲು, ಕ್ಯೂರಿಂಗಿಗೆ ಬಿಟ್ಟ ನೀರಿನಲ್ಲೇ ಸ್ನಾನ. ಗೃಹಪ್ರವೇಶದ ಮಾವಿನ ತೋರಣ ಬರುವ ಮುಂಚೆ ಶೆಡ್ಡು ಕಿತ್ತು ಮುಂದಿನ ಸೈಟಿಗೆ ಹೋಗಬೇಕು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲೇ ಕಾನೂನು ಬಂದಿತ್ತು, ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಇದೆ, ಕಲ್ಯಾಣ ಮಂಡಳಿ ಇದೆ. ನೋಂದಣಿಗೆ ಕಳೆದ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ನಮ್ಮ ಓಣಿಯ ಒಬ್ಬಾಕೆ ವರ್ಷವಿಡೀ ಇಟ್ಟಿಗೆ ಹೊತ್ತವಳು. ದಾಖಲೆಗೆ ಸಹಿ ಕೇಳಿದರೆ ಗುತ್ತಿಗೆದಾರ ‘ನೀ ಯಾರಮ್ಮ?’ ಅಂದನಂತೆ. ಹಿಂದಿನ ಶನಿವಾರ ಅವಳಿಗೆ ಕೂಲಿ ಎಣಿಸಿ ಕೊಟ್ಟವನೂ ಅವನೇ. ಇನ್ನು 1979ರ ವಲಸೆ ಕಾರ್ಮಿಕರ ಕಾಯ್ದೆ. ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ಗುತ್ತಿಗೆದಾರನಿಗೆ ಪರವಾನಗಿ ಎಂದೆಲ್ಲ ಅದರಲ್ಲಿ ಬರೆದಿತ್ತು. ಆದರೆ ಅದು ರಾಜ್ಯದ ಗಡಿ ದಾಟಿದವನಿಗಷ್ಟೇ. ರಾಯಚೂರಿನಿಂದ ಕೃಷ್ಣೆ ದಾಟಿ ತೆಲಂಗಾಣಕ್ಕೆ ಹೋದವನು ಅದರ ಕಣ್ಣಿಗೆ ವಲಸೆ ಕಾರ್ಮಿಕ. ಐದುನೂರು ಕಿಲೋಮೀಟರು ಬಸ್ಸಿನಲ್ಲಿ ಕುಲುಕಿ ಬೆಂಗಳೂರಿಗೆ ಬಂದವನು ಏನೂ ಅಲ್ಲ, ಅವನು ಸ್ವಂತ ರಾಜ್ಯದಲ್ಲೇ ಇದ್ದಾನೆ. ಸ್ವಂತ ರಾಜ್ಯದಲ್ಲಿ ಅವನನ್ನು ‘ಆ ಕಡೆಯವರು’ ಎನ್ನುತ್ತಾರೆ, ಅವನ ಮಾತಿಗೆ ನಗುತ್ತಾರೆ.

2020ರಲ್ಲಿ ತಮ್ಮಿಂದ ಆದ ಸಹಾಯವನ್ನೂ ಮರೆಯುವಂತಿಲ್ಲ. ಲಾಕ್‌ಡೌನಿನಲ್ಲಿ ಕೆಲಸ ನಿಂತು, ಶೆಡ್ಡಿನಲ್ಲಿ ಹಿಟ್ಟು ಮುಗಿದು ಜನ ಹೆದ್ದಾರಿ ಹಿಡಿದು ನಡೆದರು. ಆಗ ‘ಇದ್ದಲ್ಲೇ ಇರಿ’ ಎಂದು ತಾವು ಸಲಹೆಯನ್ನು ತಿರುಗಿಸಿಕೊಂಡಿರಿ. ಮೇ ಮೊದಲ ವಾರ ಕಟ್ಟಡ ಉದ್ಯಮದವರೊಂದಿಗೆ ಸಭೆ ನಡೆದ ದಿನವೇ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಟೀಕಿಸಿದ ಮೇಲೆ ಹಿಂತೆಗೆದುಕೊಂಡಿತು. ಬಿಹಾರದವನಿಗಾದದ್ದು ನಮಗೂ ಅರ್ಥವಾಗಿತ್ತು. ಬರುವಾಗ ದಾರಿ ತೋರಿಸುವವರು ಸಾವಿರ ಮಂದಿ, ಹೋಗುವಾಗ ಬಾಗಿಲಿಗೆ ಅಗಳಿ.

ಓದಿದರೆ ಈ ಪಾಡು ತಪ್ಪುತ್ತದೆ ಎಂದು ತಾವು ಹೇಳಿದ್ದನ್ನೂ ಶಿರಸಾವಹಿಸಿ ಪಾಲಿಸಿದ್ದೇವೆ. ಗೌಂಡಿಯ ಮಗ ಡಿಪ್ಲೊಮಾ ಮಾಡಿದ, ಗಾರೆ ಹೊತ್ತವಳ ಮಗಳು ಬಿ.ಎಡ್. ಮುಗಿಸಿದಳು. ನಮಗಾಗಿ ಸಂವಿಧಾನಕ್ಕೇ ತಿದ್ದುಪಡಿಯಾಗಿದೆ: 98ನೆಯದು, 371ಜೆ ವಿಧಿ. ಸಂಸತ್ತು 2012ರ ಡಿಸೆಂಬರಿನಲ್ಲಿ ಒಪ್ಪಿತು. ಅದರಂತೆ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇ 85 ನಮ್ಮವರಿಗೇ ಮೀಸಲು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ತೆಗೆದು ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವನ್ನೂ ಮಾಡಿದ್ದೀರಿ. ಹೆಸರಿಗೆ ನಾವು ಕೃತಜ್ಞರು. ಮೀಸಲಾತಿ ಇರುವುದು ತುಂಬುವ ಹುದ್ದೆಗೆ. ವರ್ಷಾನುಗಟ್ಟಲೆ ಖಾಲಿ ಬಿಟ್ಟ ಹುದ್ದೆಯಲ್ಲಿ ಶೇ 80 ಆದರೇನು, ನೂರಕ್ಕೆ ನೂರು ಆದರೇನು? ಅಧಿಸೂಚನೆ ಬರುತ್ತದೆ, ಕೋರ್ಟಿಗೆ ಹೋಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಹುಡುಗರ ವಯೋಮಿತಿ ಮೀರುತ್ತದೆ. ಆಮೇಲೆ ಆ ಡಿಪ್ಲೊಮಾ ಹುಡುಗ ಬೆಂಗಳೂರಿನ ಪಿಜಿಯೊಂದರಲ್ಲಿ ನಾಲ್ವರ ನಡುವೆ ಮಂಚ ಹಿಡಿದು, ಬೆನ್ನಿಗೆ ಡೆಲಿವರಿ ಚೀಲ ಏರಿಸುತ್ತಾನೆ. ಅಪ್ಪ ಕಟ್ಟಿದ ಕಟ್ಟಡದ ಲಿಫ್ಟಿನಲ್ಲೇ ಅವನು ಊಟ ಮುಟ್ಟಿಸುತ್ತಿರಬಹುದು. ಕೆಲವು ಕಡೆ ಅವನಿಗೆ ಬೇರೆ ಲಿಫ್ಟು.

ಇವೆಲ್ಲ ಗೊತ್ತಿಲ್ಲದೆ ಆದದ್ದು ಎಂದು ತಮ್ಮ ಪರವಾಗಿ ವಾದಿಸಲು ನನಗೂ ಆಸೆ. ಆದರೆ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ ಎಲ್ಲವನ್ನೂ ತಾಲ್ಲೂಕುವಾರು ಬರೆದು ಕೊಟ್ಟಿದೆ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ದಕ್ಷಿಣದಲ್ಲೂ ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳು ಅದೇ ಪಟ್ಟಿಯಲ್ಲಿದ್ದವು. ಬೆಂಗಳೂರಿನ ದೀಪ ಕಾಣುವಷ್ಟು ಹತ್ತಿರದ ಸೀಮೆಗೂ ಬೆಳಕು ಮುಟ್ಟಿರಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಹೇಳಿತ್ತು. ಎಂಟು ಕಳೆದವು, ಅದರ ಮೇಲೆ ಮತ್ತೆ ಎಂಟೂ ಕಳೆದವು. ಬಜೆಟ್ಟಿನಲ್ಲಿ ದುಡ್ಡು ಇಡುವುದು, ವರ್ಷದ ಕೊನೆಗೆ ಖರ್ಚಾಗದೆ ಉಳಿಯುವುದು ನಡೆದೇ ಇತ್ತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ, ಅಸಮಾನತೆ ಎಷ್ಟು ಉಳಿದಿದೆ ಎಂದು ನೋಡಲು ಇನ್ನೊಂದು ಸಮಿತಿಯಾಯಿತು. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದೇ. ಕಲಬುರಗಿ ಜಿಲ್ಲೆಯ ತಲಾ ಆದಾಯ ಬೆಂಗಳೂರಿನ ತಲಾ ಆದಾಯದ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಇದು ಸರ್ಕಾರದ್ದೇ ಆರ್ಥಿಕ ಸಮೀಕ್ಷೆಯ ಲೆಕ್ಕ.

ನಮ್ಮಲ್ಲಿ ಏನೂ ಇಲ್ಲ, ಆದ್ದರಿಂದ ಕೆಲಸವೂ ಇಲ್ಲ ಎಂದು ತಾವು ಅನುಕಂಪ ತೋರುವಾಗ ಮನಸ್ಸು ತುಂಬಿಬರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರವಿದೆ. ಅದರ ಬೂದಿ ನಮ್ಮಲ್ಲಿ ಉಳಿಯುತ್ತದೆ, ಕರೆಂಟು ರಾಜ್ಯವನ್ನೆಲ್ಲ ಬೆಳಗುತ್ತದೆ. ಹಟ್ಟಿಯಲ್ಲಿ ಚಿನ್ನವಿದೆ. ಸೇಡಂ, ವಾಡಿ, ಮಳಖೇಡದಲ್ಲಿ ಸಿಮೆಂಟಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ರಾಯಚೂರಿನ ಹತ್ತಿ ಮಾರುಕಟ್ಟೆ ಹೆಸರುವಾಸಿ. ಹತ್ತಿ ಬಿಡಿಸಿದವಳ ಮಗಳು ಅಂಗಿ ಹೊಲಿಯಲು ಬೆಂಗಳೂರಿನ ಗಾರ್ಮೆಂಟಿಗೆ ಹೋಗಬೇಕು. ಹತ್ತಿಗೂ ಹುಡುಗಿಗೂ ಊರು ಬಿಡುವ ದಾರಿಯಿದೆ, ಹೊಲಿಗೆ ಯಂತ್ರಕ್ಕೆ ಮಾತ್ರ ನಮ್ಮ ಕಡೆಯ ದಾರಿ ತಿಳಿಯದು. ಕಲಬುರಗಿಗೆ ಜವಳಿ ಪಾರ್ಕು ಎಂದು 2023ರಲ್ಲಿ ಘೋಷಣೆಯಾಗಿದೆ. ಮಗ್ಗದ ಸದ್ದು ಕೇಳಲು ಕಾಯುತ್ತಿದ್ದೇವೆ. ಯಾದಗಿರಿಯ ಕಡೇಚೂರಿನಲ್ಲಿ ಕೈಗಾರಿಕೆಗೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೊಲ ಹೋಯಿತು. ಮನೆಗೊಂದು ಕೆಲಸ ಎಂದು ರೈತರು ನಂಬಿದ್ದರು. ಕೆಲವು ಕಾರ್ಖಾನೆ ಬಂದವು, ರಾಸಾಯನಿಕದ ವಾಸನೆ ಬಂತು ಎಂದು ಸುತ್ತಲಿನ ಹಳ್ಳಿಯವರು ಮೂಗು ಮುಚ್ಚಿಕೊಂಡು ಅರ್ಜಿ ಬರೆಯುತ್ತಿದ್ದಾರೆ. ಹೊಲ ಕೊಟ್ಟವರಲ್ಲಿ ಬೆಂಗಳೂರು ಬಸ್ಸು ಹತ್ತಿದವರು ಇದ್ದಾರೆ.

ಹಿಂದುಳಿದ ಪ್ರದೇಶ ಹಾಗೇ ಬಿಟ್ಟರೆ ತಾನಾಗಿ ಮುಂದೆ ಬರುತ್ತದೆ ಎಂಬ ತಮ್ಮ ಭರವಸೆಯನ್ನು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಒಮ್ಮೆ ಬೆಳೆಯತೊಡಗಿದ ಕೇಂದ್ರ ಸುತ್ತಲಿನ ಸೀಮೆಯ ದುಡಿಯುವ ವಯಸ್ಸಿನವರನ್ನು, ಉಳಿತಾಯವನ್ನು, ವ್ಯಾಪಾರವನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ ಎಂಬುದು ಅವರ ವಿವರಣೆ. ಅದನ್ನು ನಾವು ಪುಸ್ತಕ ಓದದೆಯೂ ಬಲ್ಲೆವು. ಅಪ್ಪಅವ್ವ ಗುಳೆ ಹೋದರೆ ಮಕ್ಕಳು ಸಾಲಿ ಬಿಡುತ್ತಾರೆ. ಹಾಜರಿ ಕಡಿಮೆ ಎಂದು ಶಿಕ್ಷಕರನ್ನು ಬೇರೆ ಕಡೆ ಹಾಕುತ್ತಾರೆ. ಶಿಕ್ಷಕರಿಲ್ಲವೆಂದು ಉಳಿದ ಮಕ್ಕಳೂ ಹಿಂದೆ ಬೀಳುತ್ತಾರೆ. ‘ನಿಮ್ಮ ಕಡೆ ನುರಿತ ಕೆಲಸಗಾರರಿಲ್ಲ’ ಎಂದು ಉದ್ಯಮಿ ಬೆಂಗಳೂರಿನಲ್ಲೇ ಜಾಗ ಕೇಳುತ್ತಾನೆ. ಆಮೇಲೆ ಬೆಂಗಳೂರಿಗೆ ನೀರು ಸಾಲದು, ರಸ್ತೆ ಸಾಲದು, ವಲಸೆ ಬಂದವರಿಂದ ನಗರ ಹಾಳಾಯಿತು ಎಂದು ತಾವೇ ಮರುಗುತ್ತೀರಿ. ನಮ್ಮನ್ನು ಕರೆಸಿದ್ದೂ ತಾವೇ, ನಮ್ಮಿಂದ ನೊಂದಿದ್ದೂ ತಾವೇ. ತಮ್ಮ ಈ ಎರಡು ಕಷ್ಟಕ್ಕೂ ಮದ್ದು ಒಂದೇ ಎಂದು ಬಿನ್ನವಿಸಿಕೊಳ್ಳುತ್ತೇನೆ. ಇಷ್ಟು ವರ್ಷ ನಮಗೆ ಕೊಟ್ಟ ಸಲಹೆಯನ್ನು ಒಂದು ಸಲ ಕಚೇರಿಗಳಿಗೆ, ಕಾರ್ಖಾನೆಗಳಿಗೆ, ಬ್ಯಾಂಕಿನ ಸಾಲಕ್ಕೆ ಕೊಟ್ಟು ನೋಡಿ. ಅವಕ್ಕೆ ಹಾಲುಗೂಸಿಲ್ಲ, ಮುದಿ ತಾಯಿತಂದೆಯಿಲ್ಲ, ಊರಿನ ಮೋಹವೂ ಇರಲಾರದು.

ಹೋಗಬೇಕೆನ್ನುವವನು ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಜಾತ್ರೆಗೆ ಹೊಸ ಅಂಗಿ ತೊಟ್ಟು ಬೆಂಗಳೂರಿನಿಂದ ಬರುವ ಹುಡುಗರನ್ನು ನೋಡಿ ನನಗೂ ಸಂತೋಷವಾಗುತ್ತದೆ. ಜಾತಿಯ ಕಟ್ಟಿನಿಂದ, ಗೌಡರ ಹೊಲದ ಜೀತದಿಂದ ಬಿಡಿಸಿಕೊಳ್ಳಲು ಊರು ಬಿಟ್ಟವರೂ ಇದ್ದಾರೆ; ಅವರು ಹೋದದ್ದೇ ಸರಿ. ನಾನು ಕೇಳುತ್ತಿರುವುದು ಉಳಿಯಬೇಕೆನ್ನುವವನಿಗೆ ಉಳಿಯುವ ಹಕ್ಕು, ಹೋಗುವವನಿಗೆ ಮನುಷ್ಯರಂತೆ ಹೋಗುವ ಹಕ್ಕು.

ಆದ್ದರಿಂದ ತಮ್ಮ ಪಾದಗಳಲ್ಲಿ ಕಡೆಯ ಮನವಿ. ತಮ್ಮ ಮಾತಿಗೆ ವಿಧಾನಸೌಧದಲ್ಲಿ ಕಿವಿಗಳಿವೆ, ನಮ್ಮದಕ್ಕಿಲ್ಲ. 371ಜೆ ಹುದ್ದೆಗಳನ್ನು ತುಂಬಲು ಒಂದು ಕಡೆಯ ದಿನಾಂಕ ಹಾಕಿಸಿ. ರಾಜ್ಯದೊಳಗೆ ಜಿಲ್ಲೆ ದಾಟಿ ದುಡಿಯುವವನನ್ನೂ ವಲಸೆ ಕಾರ್ಮಿಕನೆಂದು ಬರೆದುಕೊಳ್ಳಿರಿ ಎಂದು ಹೇಳಿ, ಅವನು ಬಸ್ಸು ಹತ್ತುವ ಊರಿನ ಪಂಚಾಯಿತಿಯಲ್ಲೇ ಆ ನೋಂದಣಿ ಆಗಲಿ. ಗುಳೆ ಹೋದವರ ಮಕ್ಕಳಿಗೆಂದು ಋತುಮಾನದ ವಸತಿ ಶಾಲೆಗಳ ಏರ್ಪಾಡು ಕಾಗದದಲ್ಲಿದೆ. ಪ್ರತಿ ವರ್ಷ ಅಪ್ಪಅವ್ವ ಹೋಗಿ ತಿಂಗಳಾದ ಮೇಲೆ ಅವುಗಳ ನೆನಪಾಗುತ್ತದೆ. ಈ ವರ್ಷ ತೊಗರಿ ರಾಶಿ ಮುಗಿಯುವುದರೊಳಗೆ ಅವುಗಳ ಬಾಗಿಲು ತೆರೆಸಿ, ಅಡಿಗೆಯವರನ್ನೂ ಶಿಕ್ಷಕರನ್ನೂ ಕಳಿಸಿಕೊಡಿ.

ಇಂತಿ ತಮ್ಮ ವಿಧೇಯ,
ಯಾದಗಿರಿ ಜಿಲ್ಲೆಯವನೊಬ್ಬ